ಜೋಡುದೋಣಿಯ ಮೇಲೆ ಮೂರರ ತಾಳ

ಮೂರರ ತಾಳದ ಹಾಡನ್ನು ನೀರಿನ ಮೇಲೆ ನುಡಿಸಬಾರದು. ಈ ಕೆಲಸಕ್ಕೆ ಹೊಸತಾಗಿ ಸೇರುವವರಿಗೆ ನಾನು ಮೊದಲು ಹೇಳುವ ಮಾತು ಇದು. ಉಳಿದದ್ದನ್ನು ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಓದಿಕೊಳ್ಳಬಹುದು. ಇದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಈಚೆಗೆ ಮಣಿಪಾಲದ ಒಂದು ಹೋಟೆಲಿನಿಂದ ಇಬ್ಬರು ಹುಡುಗಿಯರು ಕಾಪುವಿನ ನನ್ನ ಮನೆಗೆ ಬಂದಿದ್ದರು. ಅಲ್ಲಿಗೆ ತನ್ನಷ್ಟಕ್ಕೆ ನುಡಿಯುವ ಪಿಯಾನೊ ಬಂದಿದೆಯಂತೆ. ಅದಕ್ಕೆ ಹಾಡಿನ ಫೈಲುಗಳನ್ನು ಜೋಡಿಸಿಡುವುದು ಅವರ ಕೆಲಸ. ರಾಶಿ ರಾಶಿ ಫೈಲುಗಳಿವೆ, ಹೇಗೆ ವಿಂಗಡಿಸುವುದೆಂದು ತಿಳಿಯುತ್ತಿಲ್ಲ, ಈ ಕಡೆಯಲ್ಲಿ ಇದನ್ನು ಮೊದಲು ಮಾಡಿದವರು ನೀವೇ ಎಂದು ಯಾರೋ ಹೇಳಿದರು ಎಂದರು. ನಾನು ಹೇಳಲು ತೊಡಗಿದೆ. ಕಥೆ ಹೊಳೆಯ ನಡುವಿಗೆ ಬರುವಾಗ ಎರಡೂ ಕೈಗಳಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದೆನಂತೆ. ಹೆಂಡತಿ ಒಳಗಿನಿಂದ, "ಅವರು ಪುನಃ ದೋಣಿಗೆ ಹತ್ತಿದರು. ಇಳಿಯುವಾಗ ಹೊತ್ತಾಗುತ್ತದೆ, ನೀವು ಚಾ ಕುಡಿಯಿರಿ" ಎಂದಳು. ಅಂದು ನಡುನೀರಿನಲ್ಲಿ ನಿಂತದ್ದನ್ನು ಈಗ ದಡ ಸೇರಿಸುತ್ತೇನೆ.

ನಮ್ಮದು ಕಡಲ ಕರೆಯ ಮೀನುಗಾರರ ಮನೆ. ಕುಟುಂಬದಲ್ಲಿ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ, ಈಜು ಬಾರದವನೂ ನಾನೊಬ್ಬನೇ. ಎರಡಕ್ಕೂ ಕಾರಣ ಒಂದೇ ಎಂದು ನನ್ನ ಮಾವ ಹೇಳುತ್ತಿದ್ದರು. ನೀರಿಗೆ ಇಳಿಯುವ ವಯಸ್ಸಿನಲ್ಲಿ ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಭೌತಶಾಸ್ತ್ರ ಓದಿದ ಮೇಲೆ ನೀರಿನಲ್ಲಿ ಮನುಷ್ಯ ಯಾಕೆ ಮುಳುಗುತ್ತಾನೆಂದು ಪೂರ್ತಿಯಾಗಿ ಅರ್ಥವಾಯಿತು, ಹಾಗಾಗಿ ಹೆದರಿಕೆ ಇನ್ನಷ್ಟು ಹೆಚ್ಚಿತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಉಡುಪಿಯ ಗ್ರೆಗರಿಯವರ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಸಭೆ ಸಮಾರಂಭಗಳಿಗೆ ಮೈಕು, ಲೈಟು, ಜನರೇಟರು ಬಾಡಿಗೆಗೆ ಕೊಡುವ ಅಂಗಡಿ. ತುಳು ಮಾತನಾಡುವ ನಾವೆಲ್ಲ ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ಊರಿನ ಕ್ರಿಶ್ಚಿಯನ್ ಗಂಡಸರಿಗೆ ನಮ್ಮ ಕಡೆ ಹೇಳುವ ಮರ್ಯಾದೆಯ ಹೆಸರು ಅದು. ಗ್ರೆಗರಿ ಪೊರ್ಬುಗಳು ಹಡಗಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವರು. ಹಡಗು ಬಿಟ್ಟು ಬರುವಾಗ ಬೇರೆಯವರು ಟೇಪ್‌ರೆಕಾರ್ಡರು, ಸೆಂಟು, ಕಂಬಳಿ ತಂದರೆ ಇವರು ಮರದ ಪೆಟ್ಟಿಗೆಗಳಲ್ಲಿ ತಂತಿ ಸುತ್ತಿದ ಅಯಸ್ಕಾಂತಗಳನ್ನು ತುಂಬಿ ತಂದರು. ಅವರ ಹೆಂಡತಿ ಸೆವ್ರಿನ್ ಬಾಯಿ ಆ ಪೆಟ್ಟಿಗೆಗಳನ್ನು ಬಿಚ್ಚಿದ ದಿನ ಗಂಡನೊಡನೆ ಮಾತು ಬಿಟ್ಟವರು ಈಸ್ಟರ್ ಹಬ್ಬಕ್ಕೆ ಮತ್ತೆ ಆರಂಭಿಸಿದರಂತೆ.

ಆ ಅಯಸ್ಕಾಂತಗಳನ್ನು ಪೊರ್ಬುಗಳು ಒಂದು ಹಳೆಯ ಪಿಯಾನೊದ ಕೀಗಳ ಅಡಿಯಲ್ಲಿ ಸಾಲಾಗಿ ಕೂರಿಸಿದರು. ಪಕ್ಕದಲ್ಲಿ ಒಂದು ಕ್ಯಾಸೆಟ್ ಪೆಟ್ಟಿಗೆ. ಅದರೊಳಗೆ ಹಾಕುವುದು ನೋಡಲು ಮಾಮೂಲಿ ಕ್ಯಾಸೆಟ್ಟೇ, ಆದರೆ ಅದರಲ್ಲಿ ಹಾಡಿನ ಸ್ವರ ಇರುವುದಿಲ್ಲ. ಯಾವ ಕೀಯನ್ನು ಯಾವಾಗ ಎಷ್ಟು ಜೋರಾಗಿ ಒತ್ತಬೇಕೆಂಬ ಅಪ್ಪಣೆ ಮಾತ್ರ, ಅದೂ ಸೊನ್ನೆ ಮತ್ತು ಒಂದುಗಳಲ್ಲಿ. ಕ್ಯಾಸೆಟ್ ತಿರುಗಿದರೆ ಅಯಸ್ಕಾಂತಗಳು ಒದೆಯುತ್ತವೆ, ಯಾರೂ ಕುಳಿತಿಲ್ಲದ ಪಿಯಾನೊದಲ್ಲಿ ಕೀಗಳು ತಾವೇ ತಗ್ಗಿ ಏಳುತ್ತವೆ. ನನ್ನ ತಾಯಿ ಒಮ್ಮೆ ಅಂಗಡಿಗೆ ಬಂದು ಇದನ್ನು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಕುಳಿತವನಿಗೆ ಊಟ ಆಗಿದೆಯಾ ಎಂದಷ್ಟೇ ಕೇಳಿದಳು.

ಈ ಕ್ಯಾಸೆಟ್ಟುಗಳನ್ನು ಜೋಡಿಸಿ, ಕಾಪಾಡಿ, ಸಮಾರಂಭಕ್ಕೆ ತಕ್ಕದ್ದನ್ನು ತೆಗೆದುಕೊಡುವುದು ನನ್ನ ಕೆಲಸವಾಯಿತು.

ಕಾಪಾಡುವುದೇ ಮೊದಲ ಕಷ್ಟ. ನಮ್ಮ ಊರಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಬರುತ್ತದೆ, ಟೇಪಿಗೆ ಬಾರದೇ ಇರುತ್ತದೆಯೇ? ಸೆವ್ರಿನ್ ಬಾಯಿಗೆ ಅದಕ್ಕೆ ಉಪಾಯ ಗೊತ್ತಿತ್ತು. ಕ್ಯಾಸೆಟ್ಟುಗಳನ್ನೆಲ್ಲ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರು. ಪಸೆಯನ್ನು ಅಕ್ಕಿ ಎಳೆದುಕೊಂಡು ಬೂಸಲು ನಿಂತಿತು. ಆದರೆ ಡಬ್ಬಿ ಇದ್ದದ್ದು ಒಣಮೀನಿನ ಬುಟ್ಟಿಯ ಕೆಳಗೆ. ಕಾರ್ಕಳದಲ್ಲಿ ಒಂದು ಸಮಾರಂಭದಲ್ಲಿ ಬಿಸಿಯಾದ ಯಂತ್ರದಿಂದ ಒಣ ಸಿಗಡಿಯ ಪರಿಮಳ ಹೊರಟು, ಮುಂದಿನ ಸಾಲಿನ ಹಿರಿಯರೊಬ್ಬರು ಇವತ್ತು ಊಟಕ್ಕೆ ಸಿಗಡಿ ಉಂಟಾ ಎಂದು ವಿಚಾರಿಸಿದರು. ಇಲ್ಲವೆಂದು ತಿಳಿದಾಗ ಸಂಗೀತದ ಮೇಲೆಯೇ ಅವರಿಗೆ ಬೇಸರ ಬಂತು.

ಎರಡನೆಯದು ಜೋಡಿಸುವ ಕ್ರಮ. ಕಾಲೇಜಿನಲ್ಲಿ ಓದಿದವನಾದ್ದರಿಂದ ನಾನು ಮೊದಲು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಅದೇ ಕಾರ್ಕಳದಲ್ಲಿ ಮುಖ್ಯ ಅತಿಥಿಗಳು ವೇದಿಕೆ ಹತ್ತುವಾಗ ಸಾಲಿನಲ್ಲಿ ಮುಂದೆ ಇದ್ದ ಕ್ಯಾಸೆಟ್ ಹಾಕಿದೆವು. ಅದು ಶವಯಾತ್ರೆಯ ನಡಿಗೆಗೆ ಬರೆದ ಸಂಗೀತ. ಅತಿಥಿಗಳು ಬಹಳ ಮೆಲ್ಲಗೆ, ಒಂದೊಂದೇ ಮೆಟ್ಟಿಲು ಹತ್ತಿ ತಲೆ ತಗ್ಗಿಸಿ ಕುಳಿತರು. ಹಾರ ಹಾಕಿದವರೂ ಮೆಲ್ಲಗೆ ಹಾಕಿ ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ನಾನು ಬೆವರುತ್ತಿದ್ದೆ. ಪೊರ್ಬುಗಳು ಮಾತ್ರ, "ಗಂಭೀರ ಉಂಟು ಮಾರಾಯ. ಇದನ್ನು ದೊಡ್ಡವರಿಗೆ ಅಂತ ಬೇರೆ ಇಡು" ಎಂದರು.

ಅವರಿಗೆ ಅಕ್ಷರಮಾಲೆ ಹಿಡಿಸಲಿಲ್ಲ. ಹಾಡು ಕಟ್ಟಿದವನ ಹೆಸರಿನ ಪ್ರಕಾರ ಇಡಬೇಕೆಂದರು. ಒಬ್ಬ ಮನುಷ್ಯನ ಮಕ್ಕಳನ್ನೆಲ್ಲ ಒಂದೇ ಮನೆಯಲ್ಲಿಡುವುದು ಕ್ರಮ ಎಂಬುದು ಅವರ ವಾದ. ಹಾಗೆ ಒಬ್ಬನ ನಡಿಗೆಯ ಹಾಡು, ಕುಣಿತದ ಹಾಡು, ಅಳುವ ಹಾಡು ಎಲ್ಲ ಒಂದೇ ಕ್ಯಾಸೆಟ್ಟಿನಲ್ಲಿರುವಂತೆ ಪರದೇಶದ ಕಂಪೆನಿಗೆ ಬರೆದು ತರಿಸಿದೆವು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಪ್ರಾಣಕ್ಕೆ ಬಂದದ್ದು ಈ ಕ್ರಮವೇ.

ಮೂರನೆಯ ಪಾಠ ಮಣಿಪಾಲದ ಒಂದು ಹೋಟೆಲಿನಲ್ಲಿ ಆಯಿತು. ಅಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಪಿಯಾನೊ ನುಡಿಯುತ್ತಿತ್ತು. ಒಂದು ದಿನ ಓಟದ ಗತಿಯ ಹಾಡು ಬಂತು. ನೋಡುತ್ತಿದ್ದಂತೆ ಊಟದವರ ಚಮಚಗಳು ಅದೇ ಗತಿಗೆ ಏಳತೊಡಗಿದವು. ಒಬ್ಬ ಪ್ರೊಫೆಸರರು ಮೊಸರನ್ನವನ್ನು ಬೆಂಕಿ ಆರಿಸುವವರ ಹಾಗೆ ಬಾಯಿಗೆ ಸುರಿದುಕೊಂಡರು. ಸಪ್ಲೈಯರುಗಳು ತಟ್ಟೆ ಹಿಡಿದು ಓಡಿದರು. ಹಾಡು ಮುಗಿದಾಗ ಎಲ್ಲರೂ ಏದುಸಿರು ಬಿಡುತ್ತ, ಇಷ್ಟು ಬೇಗ ಹೊಟ್ಟೆ ತುಂಬಿತಾ ಎಂಬಂತೆ ಒಬ್ಬರನ್ನೊಬ್ಬರು ನೋಡಿದರು. ಮ್ಯಾನೇಜರಿಗೆ ಸಂತೋಷವೋ ಸಂತೋಷ. ಮೇಜುಗಳು ಬೇಗ ಖಾಲಿಯಾಗಿದ್ದವು. ಸಂಗೀತವನ್ನು ಜನ ಕಿವಿಯಿಂದ ಕೇಳುತ್ತಾರೆಂದು ನಾನು ತಿಳಿದಿದ್ದೆ. ಕೈಯಿಂದ ಕೇಳುತ್ತಾರೆ ಎಂಬ ಸಂಶಯ ನನಗೆ ಬಂದದ್ದು ಆ ದಿನ. ಸಂಶಯ ಪರಿಹಾರವಾದದ್ದು ಹೊಳೆಯಲ್ಲಿ.

ಈಗ ಲಾದ್ರು ಮಾಸ್ಟ್ರ ವಿಷಯ ಹೇಳಬೇಕು. ಕಲ್ಯಾಣಪುರದ ಹತ್ತಿರ ಸ್ವರ್ಣಾ ಹೊಳೆಯ ನಡುವೆ ಇರುವ ಒಂದು ಕುದ್ರುವಿನಲ್ಲಿ, ಎಂದರೆ ನಡುಗಡ್ಡೆಯಲ್ಲಿ, ಅವರ ಮನೆ. ಸೇತುವೆ ಇರಲಿಲ್ಲ, ಹಾಲು ತರುವುದಕ್ಕೂ ದೋಣಿಯೇ. ಇಗರ್ಜಿಯಲ್ಲಿ ಆರ್ಗನ್ ಬಾರಿಸುವುದು, ಮಕ್ಕಳಿಗೆ ಸಂಗೀತ ಕಲಿಸುವುದು ಅವರ ಜೀವನ. ಮದುಮಗಳು ಮನೆಯ ಅಂಗಳಕ್ಕೆ ಕಾಲಿಡುವಾಗ ನುಡಿಸುವುದಕ್ಕೆಂದು ಅವರೇ ಒಂದು ನಡಿಗೆಯ ಹಾಡು ಕಟ್ಟಿದ್ದರು. ಆ ಸೀಮೆಯ ಎಷ್ಟೋ ಮದುಮಗಳಂದಿರು ಆ ಹಾಡಿಗೆ ಹೆಜ್ಜೆ ಹಾಕಿ ಮನೆಯೊಳಗೆ ಹೋಗಿದ್ದರು.

ನಮ್ಮ ಯಂತ್ರಕ್ಕೆ ನುಡಿಸುವುದು ಮಾತ್ರವಲ್ಲ, ಯಾರಾದರೂ ಬಾರಿಸಿದ್ದನ್ನು ಕ್ಯಾಸೆಟ್ಟಿಗೆ ಬರೆದುಕೊಳ್ಳುವುದೂ ಗೊತ್ತಿತ್ತು. ಪೊರ್ಬುಗಳು ಮಾಸ್ಟ್ರ ಹಳೆಯ ಶಿಷ್ಯರು. ಒಂದು ದಿನ ಮಾಸ್ಟ್ರನ್ನು ಅಂಗಡಿಗೆ ಕರೆಸಿ ಆ ಹಾಡನ್ನು ಬಾರಿಸಲು ಹೇಳಿದರು. ಅದೇ ಬೆಳಿಗ್ಗೆ ಮೀನು ಹಸನು ಮಾಡುವಾಗ ಮಾಸ್ಟ್ರ ಬಲಗೈ ಹೆಬ್ಬೆರಳಿಗೆ ಮುಳ್ಳು ಚುಚ್ಚಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಹೆಬ್ಬೆರಳು ದೂರದ ಕೀಗೆ ಹಾರಬೇಕಾದಲ್ಲಿ ನೋವಿಗೆ ಹಿಂಜರಿಯುತ್ತಿತ್ತು. ಹಾಡು ಅಲ್ಲಿ ಒಂದು ಅರೆ ಉಸಿರಿನಷ್ಟು ನಿಂತು, ಮತ್ತೆ ಮುಂದೆ ಹೋಗುತ್ತಿತ್ತು. ಕೇಳಿಸಿಕೊಂಡ ಮಾಸ್ಟ್ರು ಮುಖ ಸಿಂಡರಿಸಿದರು. ಇದನ್ನು ಇಟ್ಟುಕೊಳ್ಳಬೇಡಿ, ಬೆರಳು ಗುಣವಾದ ಮೇಲೆ ಬಂದು ಸರಿಯಾಗಿ ಬಾರಿಸುತ್ತೇನೆ ಎಂದರು.

ಬೆರಳು ಗುಣವಾಯಿತು. ಆದರೆ ಆ ಮಳೆಗಾಲದಲ್ಲಿ ಮಾಸ್ಟ್ರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಪೂರ್ತಿ ಹೋಯಿತು. ಮಾತು ಉಳಿಯಿತು, ಹಾಸ್ಯವೂ ಉಳಿಯಿತು, ಕೈ ಮಾತ್ರ ಮಡಿಲಿನಲ್ಲಿ ಬೆಕ್ಕಿನ ಹಾಗೆ ಮಲಗಿಯೇ ಇರುತ್ತಿತ್ತು. ಮರುವರ್ಷ ಅವರ ಒಬ್ಬಳೇ ಮಗಳು ಐರಿನಳಿಗೆ ಮದುವೆ ನಿಶ್ಚಯವಾಯಿತು. ಮಾಸ್ಟ್ರು ಅಂಗಡಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು, "ಆ ಕ್ಯಾಸೆಟ್ ಉಂಟಾ, ಸದಾನಂದ?" ಎಂದು ಕೇಳಿದರು. ಅಕ್ಕಿ ಡಬ್ಬಿಯಿಂದ ತೆಗೆದುಕೊಟ್ಟೆ. ಊರಿನವರ ಮಕ್ಕಳಿಗೆಲ್ಲ ಬಾರಿಸಿದ್ದೇನೆ, ನನ್ನ ಮಗಳಿಗೆ ಬಾರಿಸಲು ಈಗ ಇದೊಂದೇ ಇರುವುದು ಎಂದರು. ಹೆಬ್ಬೆರಳಿನ ಆ ತಪ್ಪನ್ನು ಮಾತ್ರ ಉಜ್ಜಿ ತೆಗೆಯಲು ಬರುವುದಿಲ್ಲವಾ ಎಂದೂ ಕೇಳಿದರು. ಬರುವುದಿಲ್ಲ ಎಂದೆ. ಆ ಕಾಲದಲ್ಲಿ ಅದನ್ನು ತಿದ್ದುವ ಸಲಕರಣೆ ನಮ್ಮಲ್ಲಿ ಇರಲಿಲ್ಲ, ಇನ್ನೊಂದು ಕ್ಯಾಸೆಟ್ಟಿಗೆ ಇಳಿಸುವ ಸಲಕರಣೆಯೂ ಇರಲಿಲ್ಲ. ಇದ್ದದ್ದು ಒಂದೇ ಪ್ರತಿ. ಈಗಿನವರು ಒಂದು ಗುಂಡಿ ಒತ್ತಿ ಹತ್ತು ಪ್ರತಿ ಮಾಡುವಾಗ ಒಂದು ಗಳಿಗೆ ಮಾಸ್ಟ್ರನ್ನು ನೆನೆಸಿಕೊಳ್ಳಿ.

ಮದುವೆಯ ಮರುದಿನ ಮದುಮಗಳು ಗಂಡನ ಜೊತೆಯಲ್ಲಿ ತವರಿಗೆ ಮರಳುವ ಕ್ರಮ ಉಂಟು. ಕೊಂಕಣಿಯಲ್ಲಿ ಅದಕ್ಕೆ ಪರ್ತಣೆ ಎನ್ನುತ್ತಾರೆ. ಐರಿನ್ ಕುದ್ರುವಿನ ಅಂಗಳಕ್ಕೆ ಕಾಲಿಡುವಾಗ ಪಿಯಾನೊ ಮಾಸ್ಟ್ರ ಹಾಡನ್ನು ನುಡಿಸಬೇಕು ಎಂದು ನಿಶ್ಚಯವಾಯಿತು. ಅದಕ್ಕೆ ಪಿಯಾನೊ ಹೊಳೆ ದಾಟಬೇಕು. ಎರಡು ದೋಣಿಗಳನ್ನು ಅಕ್ಕಪಕ್ಕ ಕಟ್ಟಿ, ಮೇಲೆ ಹಲಗೆ ಹಾಸಿ ಜೋಡುದೋಣಿ ಮಾಡಿದರು. ಇಷ್ಟಕ್ಕೆ ನಿಂತಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ.

ದಾಟುವ ಬೆಳಿಗ್ಗೆ ಪೊರ್ಬುಗಳಿಗೆ ಒಂದು ಆಲೋಚನೆ ಬಂತು. ಪಿಯಾನೊ ಹೇಗೂ ದೋಣಿಯಲ್ಲಿ ಹೋಗುತ್ತದೆ, ಮದುಮಗಳೂ ದೋಣಿಯಲ್ಲೇ ಹೋಗುತ್ತಾಳೆ. ಎರಡನ್ನೂ ಒಟ್ಟಿಗೆ ಕೂರಿಸಿ, ನುಡಿಸುತ್ತಲೇ ಕರೆದುಕೊಂಡು ಹೋದರೆ? ಹಡಗಿನಲ್ಲಿ ಇಂಥದ್ದನ್ನು ಎಷ್ಟು ನೋಡಿಲ್ಲ ಎಂದರು. ಆ ಹಡಗು ನಮ್ಮ ಕಾಪುವಿನ ಪೇಟೆಯಷ್ಟು ದೊಡ್ಡದಿತ್ತು ಎಂಬುದನ್ನು ಅವರು ಹೇಳಲಿಲ್ಲ. ಕರೆಂಟಿಗೆ ಜನರೇಟರ್ ಬೇಕಲ್ಲ. ಅದರ ಹೊಗೆ ಮದುಮಗಳ ಸೀರೆಗೆ ಆಗುವುದಿಲ್ಲವೆಂದು ಸೆವ್ರಿನ್ ಬಾಯಿ ತಗಾದೆ ತೆಗೆದರು. ಜನರೇಟರನ್ನು ಒಂದು ಸಣ್ಣ ದೋಣಿಯಲ್ಲಿ ಇಟ್ಟು, ಹಗ್ಗ ಕಟ್ಟಿ, ಹಿಂದಿನಿಂದ ಎಳೆದುಕೊಂಡು ಹೋಗುವುದೆಂದಾಯಿತು. ಹಗ್ಗದ ಜೊತೆಗೆ ಕರೆಂಟಿನ ವಯರು. ಆ ಸಣ್ಣ ದೋಣಿಯಲ್ಲಿ ನಮ್ಮ ಡ್ರೈವರ್ ಪೌಲು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹೊಗೆ ಬಾರದ ಕಡೆಗೆ ಮುಖ ಮಾಡಿ ಕುಳಿತ. ಉಳಿದ ಕ್ಯಾಸೆಟ್ಟುಗಳ ಅಕ್ಕಿ ಡಬ್ಬಿಯನ್ನು ಹಿಡಿದುಕೊಂಡು ಸೆವ್ರಿನ್ ಬಾಯಿ ಮೊದಲ ದೋಣಿಯಲ್ಲೇ ಆಚೆ ಹೋದರು.

ಜೋಡುದೋಣಿಯಲ್ಲಿ ನಡುವಿಗೆ ಪಿಯಾನೊ. ಅದರ ಪಕ್ಕ ಬೆತ್ತದ ಕುರ್ಚಿಯಲ್ಲಿ ಮಾಸ್ಟ್ರು, ಅವರ ಅಂಗಿಯ ಕಿಸೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಅವರ ಕ್ಯಾಸೆಟ್. ಎದುರಿಗೆ ಐರಿನ್ ಮತ್ತು ಮದುಮಗ, ಮೂತಿಯ ಬಳಿ ಪೊರ್ಬುಗಳು. ಮದುಮಗ ನಿಟ್ಟೆಯವನು, ಬಾವಿಗಿಂತ ಆಳದ ನೀರನ್ನು ಹತ್ತಿರದಿಂದ ನೋಡಿದವನಲ್ಲ. ನಾನು ಪಿಯಾನೊದ ಒಂದು ಕಾಲು ಹಿಡಿದು ಕುಳಿತೆ, ಅವನು ಇನ್ನೊಂದನ್ನು ಹಿಡಿದ. ಬಲಬದಿಯಲ್ಲಿ ದೋಣಿ ನಡೆಸುವ ಬೂದಣ್ಣ, ಎಡಬದಿಯಲ್ಲಿ ಅವನ ತಮ್ಮ ವಾಸಣ್ಣ, ಇಬ್ಬರ ಕೈಯಲ್ಲೂ ಬಿದಿರಿನ ಉದ್ದ ಗಳ. ನಡುವೆ ಪಿಯಾನೊ ಎದ್ದು ನಿಂತಿದ್ದರಿಂದ ಅಣ್ಣನಿಗೆ ತಮ್ಮ ಕಾಣುತ್ತಿರಲಿಲ್ಲ.

ಅವರು ದೋಣಿ ನೂಕುವುದು ಕೂಗಿನ ಮೇಲೆ. ದೊಡ್ಡ "ಹೋ"ಗೆ ಬಲಗಡೆಯವನು ನೂಕುತ್ತಾನೆ, ಸಣ್ಣ "ಹೈ"ಗೆ ಎಡಗಡೆಯವನು. ಹೋ, ಹೈ, ಹೋ, ಹೈ. ಹಾಗೆ ದೋಣಿ ನೇರ ಹೋಗುತ್ತದೆ. ಜನರೇಟರಿನ ಗಲಾಟೆಯಲ್ಲಿ ಅಂದು ಕೂಗು ಕೇಳಿಸುವಂತಿರಲಿಲ್ಲ. ಆದರೆ ಪಿಯಾನೊ ಶುರುವಾದದ್ದೇ ತಡ, ಅದರ ಪೆಟ್ಟು ಹಲಗೆಯ ಮೂಲಕ ಅವರ ಬರಿಗಾಲಿಗೆ ತಲುಪಿತು. ಯಂತ್ರದಲ್ಲಿ ಹಾಕಿದ್ದು ಪರದೇಶದವನೊಬ್ಬನ ಕ್ಯಾಸೆಟ್. ಅದರ ಮೊದಲ ಹಾಡು ನಡಿಗೆಯದ್ದು, ಎರಡರ ತಾಳ. ದೊಡ್ಡ ಪೆಟ್ಟಿಗೆ ಬೂದಣ್ಣ ನೂಕಿದ, ಸಣ್ಣ ಪೆಟ್ಟಿಗೆ ವಾಸಣ್ಣ ನೂಕಿದ. ದೋಣಿ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಪೊರ್ಬುಗಳು ಎದ್ದು ನಿಂತು ಹ್ಯಾಟ್ ತೆಗೆದು ದಡಕ್ಕೆ ನಮಸ್ಕಾರ ಮಾಡಿದರು.

ನಡುಹೊಳೆಯಲ್ಲಿ ಆ ಹಾಡು ಮುಗಿದು, ಅದೇ ಕ್ಯಾಸೆಟ್ಟಿನ ಎರಡನೆಯ ಹಾಡು ಶುರುವಾಯಿತು. ಅದೇ ಮನುಷ್ಯನ ಇನ್ನೊಂದು ಮಗು. ಕುಣಿತದ ಹಾಡು, ಮೂರರ ತಾಳ: ಒಂದು ದೊಡ್ಡ ಪೆಟ್ಟು, ಎರಡು ಸಣ್ಣ ಪೆಟ್ಟು.

ಬಲಗಡೆ ಬೂದಣ್ಣ ಒಮ್ಮೆ ನೂಕುವಾಗ ಎಡಗಡೆ ವಾಸಣ್ಣ ಎರಡು ಸಲ ನೂಕತೊಡಗಿದ. ಇಷ್ಟೇ ಆದದ್ದು. ದೋಣಿ ಮೆಲ್ಲಗೆ ಬಲಕ್ಕೆ ತಿರುಗಿತು. ಕುದ್ರು ಎದುರಿನಲ್ಲಿದ್ದದ್ದು ಎಡಕ್ಕೆ ಹೋಯಿತು, ಆಮೇಲೆ ಹಿಂದಕ್ಕೆ ಹೋಯಿತು, ಆಮೇಲೆ ಬಲಗಡೆಯಿಂದ ಮತ್ತೆ ಬಂತು. ಹಾಡು ಬಹಳ ಇಂಪಾಗಿತ್ತು. ಹಿಂದೆ ಕಟ್ಟಿದ್ದ ಪೌಲುವಿನ ದೋಣಿ ನಮ್ಮ ಸುತ್ತ ದೊಡ್ಡ ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿನಲ್ಲಿಯೂ ಅವನು ಆಕಾಶ ನೋಡುತ್ತ ಬೀಡಿ ಸೇದುತ್ತ ನಮ್ಮೆದುರು ಹಾದುಹೋಗುತ್ತಿದ್ದ. ನಾವು ಕೈ ಬೀಸಿದರೆ ಅವನೂ ಸಂತೋಷದಿಂದ ಕೈ ಬೀಸಿದ.

ಆ ಹೊತ್ತಿಗೆ ಇಳಿತ ಶುರುವಾಗಿತ್ತು. ನೀರು ಅಳಿವೆಯ ಕಡೆಗೆ, ಎಂದರೆ ಹೊಳೆ ಕಡಲಿಗೆ ಸೇರುವಲ್ಲಿಗೆ, ಸೆಳೆಯುತ್ತಿತ್ತು. ನಾವು ಕುಣಿಯುತ್ತ ಕುಣಿಯುತ್ತ ಆ ಕಡೆಗೆ ಸರಿಯುತ್ತಿದ್ದೆವು. ಗಳದ ತುದಿಯಷ್ಟೇ ನೀರಿನ ಮೇಲೆ ಉಳಿಯುವುದನ್ನು ನಾನು ಕಂಡೆ. ಇನ್ನು ಸ್ವಲ್ಪ ಹೋದರೆ ಅದು ನೆಲ ಮುಟ್ಟುವುದಿಲ್ಲ. ಮುಟ್ಟದಿದ್ದರೆ ನೂಕಲು ಏನೂ ಇಲ್ಲ, ನೇರ ಕಡಲು. ಹಲಗೆಯ ಸಂದಿನಿಂದ ನೀರು ಚಿಮ್ಮಿ ನನ್ನ ಪಾದ ಒದ್ದೆಯಾಯಿತು. ಒದ್ದೆ ಹಲಗೆ, ಮೇಲೆ ಕರೆಂಟು, ಕೆಳಗೆ ಹೊಳೆ, ಬದಿಯಲ್ಲಿ ನಾನು. ಕಾಲೇಜಿನಲ್ಲಿ ಕಲಿತದ್ದೆಲ್ಲ ಒಟ್ಟಿಗೆ ನೆನಪಾಯಿತು. ಅದರಲ್ಲಿ ಒಂದೂ ಉಪಯೋಗದ್ದಾಗಿರಲಿಲ್ಲ.

ಯಂತ್ರ ನಿಲ್ಲಿಸಲು ಹೇಳಿದೆ. ಹಾಡನ್ನು ಅರ್ಧದಲ್ಲಿ ನಿಲ್ಲಿಸಿದರೆ ಮದುಮಕ್ಕಳಿಗೆ ಒಳ್ಳೆಯದಲ್ಲ ಎಂದರು ಪೊರ್ಬುಗಳು. ಹಿಂದೊಮ್ಮೆ ಹಿರಿಯಡ್ಕದಲ್ಲಿ ಯಾರೋ ಊಟಕ್ಕೆ ಕರೆಯಲು ಹಾಡು ನಿಲ್ಲಿಸಿದ್ದರೆಂಬ ಸಿಟ್ಟಿನಲ್ಲಿ ಅವರು ನಿಲ್ಲಿಸುವ ಗುಂಡಿಯ ಮೇಲೆ ತಗಡು ಹೊಡೆದು ಬಿಟ್ಟಿದ್ದರು. ಕೊನೆಗೆ ಮಾಸ್ಟ್ರು ಶಿಷ್ಯನಿಗೆ ಗದರಿದ ಮೇಲೆ ನಾನು ಮೊಣಕಾಲೂರಿ ಹೋಗಿ ಮುಚ್ಚಳ ಎಳೆದೆ. ಟೇಪು ಯಂತ್ರಕ್ಕೆ ಸಿಕ್ಕಿಕೊಂಡು ಕರುಳಿನ ಹಾಗೆ ಹೊರಗೆ ಬಂತು. ಆ ವರ್ಷ ಉಪ್ಪುಗಾಳಿಗೆ ಒಳಗಿನ ರಬ್ಬರು ಅಂಟಂಟಾಗಿತ್ತು, ಕುದ್ರುವಿಗೆ ಹೋದ ಮೇಲೆ ಸ್ಪಿರಿಟಿನಲ್ಲಿ ಒರಸಿ ಆಮೇಲೆಯೇ ಮಾಸ್ಟ್ರ ಕ್ಯಾಸೆಟ್ ಹಾಕಬೇಕೆಂದು ಇಟ್ಟುಕೊಂಡಿದ್ದೆ.

ಹಾಡು ನಿಂತಿತು. ಕೆಲಸ ಇನ್ನೂ ಕೆಟ್ಟಿತು. ಜನರೇಟರಿನ ಗಲಾಟೆಗೆ ಅಣ್ಣನ ಕೂಗು ತಮ್ಮನಿಗೆ ಇಲ್ಲ, ತಮ್ಮನ ಕೂಗು ಅಣ್ಣನಿಗೆ ಇಲ್ಲ. ಕಾಲಿಗೆ ಪೆಟ್ಟೂ ಇಲ್ಲ. ಜನರೇಟರ್ ನಿಲ್ಲಿಸೆಂದು ಕೂಗಿದರೆ ಪೌಲುವಿನ ಕಿವಿಯಲ್ಲಿ ಹತ್ತಿ. ಒಬ್ಬೊಬ್ಬನು ಮನಸ್ಸು ಬಂದಂತೆ ನೂಕಿದ. ದೋಣಿ ಕುಡುಕನ ಹಾಗೆ ಒಮ್ಮೆ ಆಚೆ ಒಮ್ಮೆ ಈಚೆ ಹೊರಳಿತು. ಬೂದಣ್ಣ ಪಿಯಾನೊದ ಈಚೆ ತಲೆ ಹಾಕಿದ.

"ಪೊರ್ಬುಲೇ, ಆ ಪೆಟ್ಟಿಗೆಗೆ ಎಂತಾದರೂ ಬಾರಿಸಲು ಹೇಳಿ. ಮೂರು ಬೇಡ. ಎರಡು."

"ಡಬ್ಬಿ ಆಚೆ ಹೋಗಿದೆ ಬೂದಣ್ಣ."

"ಹಾಗಾದರೆ ಪ್ರಾರ್ಥನೆ ಮಾಡಿ. ನಿಮ್ಮದು ಕೊಂಕಣಿಯಲ್ಲಿ, ನಮ್ಮದು ತುಳುವಿನಲ್ಲಿ."

ಪೊರ್ಬುಗಳು ನನ್ನನ್ನು ನೋಡಿದರು. ನಾನು ಬೇಡವೆಂದರೂ ನನ್ನ ಕಣ್ಣು ಮಾಸ್ಟ್ರ ಕಿಸೆಗೆ ಹೋಯಿತು. ದೋಣಿಯಲ್ಲಿ ಉಳಿದಿದ್ದ ಕ್ಯಾಸೆಟ್ ಅದೊಂದೇ. ಎರಡರ ತಾಳದ್ದೇ. ಈ ಅಂಟು ರಬ್ಬರಿಗೆ ಅದನ್ನು ಕೊಟ್ಟರೆ ಪುನಃ ತಿರುಗಿ ಬರುತ್ತದೆಂದು ಹೇಳುವಂತಿರಲಿಲ್ಲ. ಮಾಸ್ಟ್ರೇ ಎಡಗೈಯಿಂದ ಕ್ಯಾಸೆಟ್ ತೆಗೆದು, ಹಲ್ಲಿನಿಂದ ಪ್ಲಾಸ್ಟಿಕ್ ಹರಿದು ನನ್ನ ಕಡೆಗೆ ಚಾಚಿದರು.

"ನಾಕಾ ಪಪ್ಪಾ," ಬೇಡ ಅಪ್ಪಾ ಎಂದು ಐರಿನ್ ಅವರ ಕೈ ಹಿಡಿದಳು. "ಅದು ಮನೆಯಲ್ಲಿ ಬಾರಿಸುವುದಕ್ಕೆ ಅಂತ ಇಟ್ಟದ್ದು."

"ಮನೆಯಲ್ಲಿ ಬಾರಿಸಬೇಕಾದರೆ ಮೊದಲು ಮನೆ ಮುಟ್ಟಬೇಕಲ್ಲ ಮಗಾ," ಎಂದರು ಮಾಸ್ಟ್ರು. "ಹಾಕು ಸದಾನಂದ."

ನಾನು ಹಾಕಿದೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಮದುಮಗನೇ ನನ್ನ ಮೊಣಕೈ ಹಿಡಿದು ಮುಚ್ಚಳ ಮುಚ್ಚಿಸಿದ. ಅವನ ಕೈಯೂ ನಡುಗುತ್ತಿದ್ದದ್ದರಿಂದ ಎರಡು ನಡುಕ ಸೇರಿ ಒಂದು ಸ್ಥಿರವಾಯಿತೇನೋ.

ಮಾಸ್ಟ್ರ ಬಲಗೈ ಮಡಿಲಿನಲ್ಲಿ ಮಲಗಿತ್ತು. ಪಿಯಾನೊದ ಕೀಗಳು ಆ ಕೈ ಹಿಂದೆ ಒತ್ತಿದಂತೆಯೇ ಒತ್ತಿಕೊಂಡು ಏಳತೊಡಗಿದವು. ದೊಡ್ಡ ಪೆಟ್ಟು, ಸಣ್ಣ ಪೆಟ್ಟು. ಬೂದಣ್ಣ ನೂಕಿದ, ವಾಸಣ್ಣ ನೂಕಿದ. ಸಾಲಿನ ಕೊನೆಗೆ ಬಂದಾಗ ಹಾಡು ಮುಳ್ಳು ಚುಚ್ಚಿದ ಹೆಬ್ಬೆರಳಿನಿಂದಾಗಿ ಅರೆ ಉಸಿರು ನಿಂತಿತು. ಅಣ್ಣತಮ್ಮಂದಿರ ಗಳಗಳೂ ಗಾಳಿಯಲ್ಲಿ ಅಷ್ಟು ಹೊತ್ತು ನಿಂತವು. ಹಾಡು ಮುಂದೆ ಹೋಯಿತು, ಗಳಗಳೂ ಒಟ್ಟಿಗೆ ನೀರಿಗೆ ಇಳಿದವು. ಎರಡನೆಯ ಸಾಲಿಗೆ ಅವರಿಗೆ ಅಭ್ಯಾಸವಾಯಿತು. ಮೂರನೆಯ ಸಾಲಿಗೆ ಗಳ ಚೆನ್ನಾಗಿ ನೆಲ ಹಿಡಿಯಿತು. ಪ್ರತಿ ಸಲ ಹಾಡು ನಿಂತಲ್ಲಿ ಮಾಸ್ಟ್ರು ಮುಖ ಸಿಂಡರಿಸಿ, "ಛೆ" ಎನ್ನುತ್ತಿದ್ದರು. ಐರಿನ್ ಮೊದಲು ಅಳುತ್ತಿದ್ದವಳು ಅಪ್ಪನ ಆ ಮುಖ ನೋಡಿ ನಗತೊಡಗಿದಳು. ಆಮೇಲೆ ಪ್ರತಿ ಸಾಲಿನ ಕೊನೆಗೆ ಅವಳೂ ಮದುಮಗನೂ ಮಾಸ್ಟ್ರ ಜೊತೆಗೆ "ಛೆ" ಎಂದರು. ನಾನೂ ಎಂದೆ. ಹೆದರಿದವನಿಗೆ ಹೇಳಲು ಏನಾದರೊಂದು ಬೇಕು.

ದೋಣಿಯ ಮೂತಿ ಕುದ್ರುವಿನ ಕೆಸರಿಗೆ ತಾಗಿದ ಆ ಕುಲುಕಿಗೆ ಯಂತ್ರ ಕೀರಲು ಸ್ವರ ಹೊರಡಿಸಿತು. ಮುಚ್ಚಳ ತೆರೆದೆ. ಮಾಸ್ಟ್ರ ಟೇಪು ರಬ್ಬರಿಗೆ ಸುತ್ತಿಕೊಂಡು, ಮಡಚಿ, ಹರಿದು ಹೋಗಿತ್ತು. ಸೆವ್ರಿನ್ ಬಾಯಿ ಆಮೇಲೆ ಅದನ್ನು ಬಿಡಿಸಿ ಪೆನ್ಸಿಲಿನಿಂದ ಸುತ್ತಿ ನೋಡಿದರು. ಮಾಡಲು ಏನೂ ಉಳಿದಿರಲಿಲ್ಲ. ದಡದಲ್ಲಿ ನೆಂಟರೆಲ್ಲ ಸಾಲಾಗಿ ನಿಂತು ಪಿಯಾನೊದ ಹಾಡಿಗೆ ಕಾಯುತ್ತಿದ್ದರು. ಪೌಲು ತನ್ನ ಪಾಡಿಗೆ ಜನರೇಟರ್ ನಿಲ್ಲಿಸಿ, ಕಿವಿಯ ಹತ್ತಿ ತೆಗೆದು, ಸವಾರಿ ಚೆನ್ನಾಗಿತ್ತು ಎಂದ. ಬಹಳ ಮೌನವಾಯಿತು.

ಆ ಮೌನದಲ್ಲಿ ಕೂಗು ಕೇಳಿತು. ಬೂದಣ್ಣ ವಾಸಣ್ಣ ಸೊಂಟದವರೆಗಿನ ನೀರಿಗಿಳಿದು ಜೋಡುದೋಣಿಯನ್ನು ದಡಕ್ಕೆ ಎಳೆಯುತ್ತಿದ್ದರು. ಹೋ, ಹೈ, ಹೋ, ಹೈ, ಒಂದು ಅರೆ ಉಸಿರು ನಿಂತು, ಹೋ. ಮಾಸ್ಟ್ರ ಹೆಬ್ಬೆರಳು ಅವರ ಗಂಟಲಿಗೆ ಹೋಗಿತ್ತು. ಐರಿನ್ ಗಂಡನ ಕೈ ಹಿಡಿದು ಆ ಕೂಗಿಗೆ ಹೆಜ್ಜೆ ಹಾಕುತ್ತ, ನಿಲ್ಲಬೇಕಾದಲ್ಲಿ ನಿಂತು, ಅಂಗಳದ ಕಡೆಗೆ ನಡೆದಳು. ಸಾಲಾಗಿ ನಿಂತಿದ್ದ ನೆಂಟರು, ಇದು ಹೊಸ ಕ್ರಮವಿರಬಹುದೆಂದು, ಅವಳು ನಿಂತಲ್ಲೆಲ್ಲ ಒಂದು ಹೆಜ್ಜೆ ತಡೆದು ನಿಂತರು.

ಕುರ್ಚಿಯ ಸಮೇತ ಎತ್ತಿಕೊಂಡು ಹೋಗುವಾಗ ಮಾಸ್ಟ್ರು ನನಗೆ ಹೇಳಿದ್ದು ಒಂದೇ ಮಾತು. "ಅವರಿಗೆ ಹೇಳು ಮಾರಾಯ. ಅಲ್ಲಿ ನಿಲ್ಲಿಸಲಿಕ್ಕಿಲ್ಲ."

ನಾನು ಹೇಳಿದೆ. ಮಾಸ್ಟ್ರೂ ಆಮೇಲೆ ಬದುಕಿದ್ದಷ್ಟು ವರ್ಷ, ದಾಟುವಾಗಲೆಲ್ಲ, ಎಡಗೈಯಿಂದ ದೋಣಿಯ ಅಂಚಿಗೆ ಬಡಿದು ತಿದ್ದುತ್ತಿದ್ದರಂತೆ. ಅಣ್ಣತಮ್ಮಂದಿರು ತಿದ್ದಿಕೊಳ್ಳಲಿಲ್ಲ. ಅಲ್ಲಿ ಉಸಿರು ಬಿಡಲು ಒಳ್ಳೆಯದಾಗುತ್ತದೆ ಮಾಸ್ಟ್ರೇ ಎಂದರಂತೆ.

ಆ ಮೇಲೆ ನಾನು ಜೋಡಿಸುವ ಕ್ರಮ ಬದಲಾಯಿಸಿದೆ. ಅಕ್ಷರವೂ ಬೇಡ, ಕಟ್ಟಿದವನ ಹೆಸರೂ ಬೇಡ. ಕೇಳುವವರ ಕೈಯಲ್ಲಿ ಆಗ ಏನಿರುತ್ತದೆ ಎಂಬುದೇ ಮುಖ್ಯ. ಚಮಚ ಹಿಡಿದವರಿಗೆ ಒಂದು ಗುಂಪು, ಹಾರ ಹಿಡಿದವರಿಗೆ ಒಂದು, ಮಗು ಎತ್ತಿಕೊಂಡವರಿಗೆ ಒಂದು. ಪೊರ್ಬುಗಳು ನಕ್ಕರು, ಆದರೆ ನಿಲ್ಲಿಸುವ ಗುಂಡಿಯ ಮೇಲಿನ ತಗಡನ್ನು ತಾವೇ ಕಳಚಿದರು. ಮುಂದೆ ಫ್ಲಾಪಿ ಬಂತು, ಅದಕ್ಕೂ ಇದೇ ಕ್ರಮ ನಡೆಯಿತು. ಮಣಿಪಾಲದ ಹುಡುಗಿಯರಿಗೂ ಇದನ್ನೇ ಹೇಳಿದ್ದೇನೆ. ಫೈಲಿಗೆ ಹೆಸರಿಡುವ ಮೊದಲು ಒಮ್ಮೆ ಊಟದ ಹಾಲಿಗೆ ಹೋಗಿ ಜನರ ಕೈ ನೋಡಿಕೊಂಡು ಬನ್ನಿ.

ಕೆಲಸ ಬಿಟ್ಟ ಮೇಲೆ ಒಮ್ಮೆ ಕಲ್ಯಾಣಪುರಕ್ಕೆ ಹೋದವನು, ಹೆಂಡತಿಯ ಒತ್ತಾಯಕ್ಕೆ, ಕುದ್ರುವಿಗೆ ದೋಣಿ ಹತ್ತಿದೆ. ಎರಡೂ ಕೈಗಳಿಂದ ಅಂಚು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದೆ. ದೋಣಿ ನೂಕುತ್ತಿದ್ದವರಿಬ್ಬರೂ ನನಗೆ ಗುರುತಿಲ್ಲದವರು. ಹೋ, ಹೈ, ಹೋ, ಹೈ ಎಂದು ಹೋಗುತ್ತಿದ್ದವರು ಒಂದು ಕಡೆ ಅರೆ ಉಸಿರು ತಡೆದರು. ಕಣ್ಣು ಬಿಟ್ಟೆ. ಅಲ್ಲಿ ಯಾಕೆ ನಿಲ್ಲಿಸುವುದು ಎಂದು ಕೇಳಿದೆ. ಎಂತಕ್ಕೆ ಅಂತ ಗೊತ್ತಿಲ್ಲ, ಕಲಿಸಿದವರು ಹಾಗೇ ಕಲಿಸಿದ್ದು, ನಿಲ್ಲಿಸದಿದ್ದರೆ ದೋಣಿ ಓರೆ ಹೋಗುತ್ತದೆ ಎಂದರು.

ಮುಂದಿನ ಸಾಲಿನ ಕೊನೆ ಬಂದಾಗ ನಾನು ಅಂಚಿನಿಂದ ಒಂದು ಕೈ ಬಿಟ್ಟು, ಮಾಸ್ಟ್ರ ಪರವಾಗಿ, "ಛೆ" ಎಂದೆ.